ತುಮಕೂರು ಪ್ರದೇಶದ ಶಿಲಾ ಶಿಥಿಲೀಕರಣ

ಶಿಲಾ ಶಿಥಿಲೀಕರಣ ಎಂದರೆ ಭೂಮಿಯ ಮೇಲ್ಮೈಯಲ್ಲಿ ಅಥವಾ ಅದಕ್ಕೆ ಸಮೀಪದಲ್ಲಿರುವ ಶಿಲೆಗಳು ಬಿಸಿಲು, ಮಳೆ, ಗಾಳಿ, ನೆಲದೊಳಗಿನ ನೀರು ಹಾಗೂ ಜೀವಿಗಳ ಪ್ರಭಾವಕ್ಕೆ ಒಳಗಾಗಿ, ತಾವಿರುವ ಸ್ಥಳದಲ್ಲಿಯೇ ಒಡೆದು, ಸಡಿಲಗೊಂಡು ಅಥವಾ ರಾಸಾಯನಿಕವಾಗಿ ಮಾರ್ಪಟ್ಟು ಕ್ರಮೇಣ ಮಣ್ಣಾಗುವ ಪ್ರಕ್ರಿಯೆ. ಕರ್ನಾಟಕದ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳನ್ನು ಒಳಗೊಂಡ ಪ್ರದೇಶವು ಭೂಮಿಯ ಅತ್ಯಂತ ಪ್ರಾಚೀನ ಶಿಲೆಗಳ ಮೇಲೆ ನೆಲೆಗೊಂಡಿದೆ. ಇಲ್ಲಿನ ಗುಂಡುಬಂಡೆಗಳ ಬೆಟ್ಟಗಳು, ಕೆಂಪು ಮಣ್ಣಿನ ಹೊಲಗಳು, ಹಳ್ಳಗಳ ಮರಳು, ಕೆರೆಗಳ ಗೋಡು, ತೆರೆದ ಬಾವಿಗಳ ನೀರು ಇವೆಲ್ಲವೂ ಶಿಥಿಲೀಕರಣದ ಫಲಗಳು. ಈ ಪ್ರಕ್ರಿಯೆಯು ಅತಿ ನಿಧಾನವಾಗಿ ನಡೆಯುವುದರಿಂದ, ಅದು ನಿರ್ಮಿಸಿದ ಮಣ್ಣು ಮತ್ತು ನೀರನ್ನು ಹಿಡಿದಿಡುವ ಪದರಗಳು ಒಮ್ಮೆ ನಷ್ಟವಾದರೆ ಮನುಷ್ಯರ ಜೀವಿತಾವಧಿಯಲ್ಲಿ ಮರಳಿ ರೂಪುಗೊಳ್ಳುವುದಿಲ್ಲ.

ಪರಿಭಾಷೆ

ಶಿಥಿಲೀಕರಣ ಮತ್ತು ಸವೆತ ಎಂಬ ಪದಗಳನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಭೂಗೋಳಶಾಸ್ತ್ರದಲ್ಲಿ ಇವೆರಡೂ ಬೇರೆ ಬೇರೆ. ಶಿಲೆಯು ಇದ್ದಲ್ಲಿಯೇ ಒಡೆಯುವುದು ಅಥವಾ ಕೊಳೆತಂತಾಗಿ ಸಡಿಲವಾಗುವುದು ಶಿಥಿಲೀಕರಣ. ಹೀಗೆ ಸಡಿಲವಾದ ವಸ್ತುವನ್ನು ಹರಿಯುವ ನೀರು ಅಥವಾ ಗಾಳಿ ಕೊಚ್ಚಿಕೊಂಡು ಒಯ್ಯುವುದು ಸವೆತ. ಒಯ್ದ ವಸ್ತುವನ್ನು ಬೇರೊಂದೆಡೆ ಕೂಡಿಸುವುದು ಸಂಚಯನ. ದೇವರಾಯನದುರ್ಗದ ಬಂಡೆಯಲ್ಲಿ ಬಿರುಕು ಮೂಡಿ ಅದರ ಹರಳುಗಳು ಉದುರುವುದು ಶಿಥಿಲೀಕರಣಕ್ಕೆ ನಿದರ್ಶನ. ಆ ಹರಳುಗಳು ಮಳೆನೀರಿನೊಡನೆ ಹಳ್ಳಕ್ಕೆ ಇಳಿಯುವುದು ಸವೆತ; ಕೆರೆಯ ಅಂಗಳದಲ್ಲಿ ಹೂಳಾಗಿ ನಿಲ್ಲುವುದು ಸಂಚಯನ.

ಶಿಥಿಲೀಕರಣವನ್ನು ಭೌತಿಕ, ರಾಸಾಯನಿಕ ಹಾಗೂ ಜೈವಿಕ ಎಂದು ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ನಿಸರ್ಗದಲ್ಲಿ ಈ ಮೂರೂ ಒಟ್ಟಿಗೆ ನಡೆಯುತ್ತವೆ. ಬಿರುಕು ಬಿಟ್ಟ ಬಂಡೆಯೊಳಕ್ಕೆ ನೀರು ಸುಲಭವಾಗಿ ಇಳಿಯುತ್ತದೆ, ನೀರು ಇಳಿದಲ್ಲಿ ಬೇರು ಇಳಿಯುತ್ತದೆ, ಬೇರು ಬಲಿತಂತೆ ಬಿರುಕು ಇನ್ನಷ್ಟು ಅಗಲವಾಗುತ್ತದೆ.

ಪ್ರದೇಶದ ಶಿಲೆಗಳು ಮತ್ತು ಹವಾಮಾನ

ತುಮಕೂರು ಜಿಲ್ಲೆಯು ಧಾರವಾಡ ಭೂಖಂಡಭಾಗಕ್ಕೆ ಸೇರಿದೆ. ಶಿಥಿಲೀಕರಣದ ದೃಷ್ಟಿಯಿಂದ ಇಲ್ಲಿನ ನಾಲ್ಕು ಬಗೆಯ ಶಿಲೆಗಳು ಮುಖ್ಯವಾದವು.

ನೈಸ್: ಬಿಳಿ ಮತ್ತು ಕಪ್ಪು ಪಟ್ಟೆಗಳು ಬಳುಕಿದಂತೆ ಕಾಣುವ ಈ ಶಿಲೆಯನ್ನು ಪರ್ಯಾಯದ್ವೀಪೀಯ ನೈಸ್ ಎಂದು ಕರೆಯಲಾಗಿದೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳು ಅಥವಾ ಅದಕ್ಕೂ ಹೆಚ್ಚು. ಬೆಂಗಳೂರಿನ ಲಾಲ್‌ಬಾಗ್‌ನ ಬಂಡೆ ಇದೇ ಜಾತಿಗೆ ಸೇರಿದ್ದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ಗಳ ಬಯಲು ಭೂಮಿಯ ಬಹುಭಾಗದಲ್ಲಿ ಮಣ್ಣಿನ ಕೆಳಗಿರುವುದು ನೈಸ್.

ಗ್ರಾನೈಟ್: ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾಪಾಕವು ನೆಲದಾಳದಲ್ಲಿ ಗಟ್ಟಿಯಾಗಿ ಉಂಟಾದ ಕ್ಲೋಸ್‌ಪೇಟೆ ಗ್ರಾನೈಟ್ ಉತ್ತರ-ದಕ್ಷಿಣವಾಗಿ ಉದ್ದನೆಯ ಪಟ್ಟಿಯಂತೆ ಹಬ್ಬಿದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಇದಕ್ಕೆ ಈ ಹೆಸರು ಬಂದಿದೆ. ಮಾಗಡಿ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ ಮತ್ತು ಪಾವಗಡಗಳ ಬೆಟ್ಟಗಳು ಈ ಪಟ್ಟಿಯ ಉದ್ದಕ್ಕೂ ಎದ್ದು ನಿಂತಿವೆ.

ಪದರು ಶಿಲೆಗಳು: ಗುಬ್ಬಿಯ ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ಚಿತ್ರದುರ್ಗ ಶಿಲಾಪಟ್ಟಿಯು ಹಾದುಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲುಗಳಿರುವ ಪಟ್ಟಿ ಇದು.

ಕರಿಕಲ್ಲು: ನೈಸ್ ಮತ್ತು ಗ್ರಾನೈಟ್‌ಗಳ ಸೀಳುಗಳಲ್ಲಿ ಗೋಡೆಯಂತೆ ನುಗ್ಗಿ ಗಟ್ಟಿಯಾದ ಡಾಲೆರೈಟ್ ಶಿಲೆಯ ಒಡ್ಡುಗಳು ಅಲ್ಲಲ್ಲಿ ಕಂಡುಬರುತ್ತವೆ. ಜನರು ಇದನ್ನು ಕರಿಕಲ್ಲು ಎನ್ನುತ್ತಾರೆ.

ಹವಾಮಾನವು ಅರೆಶುಷ್ಕ ಬಗೆಯದು. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ನೆಲ ಒಣಗಿರುತ್ತದೆ. ಮಂಜುಗಡ್ಡೆ ಕಟ್ಟುವಷ್ಟು ಚಳಿ ಇಲ್ಲದ ಕಾರಣ, ಹಿಮಾಲಯದಂತಹ ಪ್ರದೇಶಗಳಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಬಂಡೆಯನ್ನು ಸೀಳುವ ಹಿಮಕ್ರಿಯೆಗೆ ಇಲ್ಲಿ ಅವಕಾಶವಿಲ್ಲ.

ಭೌತಿಕ ಶಿಥಿಲೀಕರಣ

ಒತ್ತಡದ ಇಳಿಕೆ

ಗ್ರಾನೈಟ್ ರೂಪುಗೊಂಡದ್ದು ಹಲವು ಕಿಲೋಮೀಟರುಗಳ ಆಳದಲ್ಲಿ, ಮೇಲಿನ ಶಿಲೆಗಳ ಅಪಾರ ಭಾರದ ಅಡಿಯಲ್ಲಿ. ಕೋಟ್ಯಂತರ ವರ್ಷಗಳ ಸವೆತದಿಂದ ಮೇಲಿನ ಹೊದಿಕೆ ಕರಗಿದಾಗ ಆ ಭಾರ ಇಳಿಯಿತು. ಅದುಮಿದ್ದ ಬಂಡೆ ಹೊರಮುಖವಾಗಿ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಪದರುಪದರಾಗಿ ಬಿರುಕು ಬಿಟ್ಟಿತು. ಈ ಕ್ರಿಯೆಗೆ ಪದರ ಸುಲಿಯುವಿಕೆ ಎಂದು ಹೆಸರು. ಮಧುಗಿರಿಯ ಏಕಶಿಲಾ ಬೆಟ್ಟ ಹಾಗೂ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳ ಬೋಳು ಬಂಡೆಗಳ ದುಂಡನೆಯ ನೆತ್ತಿಗೆ ಇಂತಹ ಸುಲಿತವೇ ಮುಖ್ಯ ಕಾರಣ. ಇಳಿಜಾರಿನಲ್ಲಿ ಈರುಳ್ಳಿಯ ಸಿಪ್ಪೆಯಂತೆ ಮೇಲೆದ್ದಿರುವ ಬೃಹತ್ ಕಲ್ಲಿನ ಹಲಗೆಗಳನ್ನು ಇಂತಹ ಬೆಟ್ಟಗಳಲ್ಲಿ ಕಾಣಬಹುದು.

ಈ ಗುಣವನ್ನು ಕಲ್ಲುಕುಟಿಗರು ಬಹುಕಾಲದಿಂದ ಬಲ್ಲರು. ಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋದರೆ ಕಾದ ಮೇಲ್ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡಿಸಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದಿನಿಂದ ಪದರ ಎಲ್ಲಿಯವರೆಗೆ ಬಿಟ್ಟಿದೆ ಎಂಬುದನ್ನು ಅವರು ಗುರುತಿಸುತ್ತಿದ್ದರು. ಬೆಂಗಳೂರಿನ ಸುತ್ತ ರೂಢಿಯಲ್ಲಿದ್ದ ಈ ವಿಧಾನವನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ವರ್ಣಿಸಿದ್ದಾರೆ. ಹಳೆಯ ಮನೆಗಳ ಚಪ್ಪಡಿ, ಹೊಲದ ಅಂಚಿನ ಕಲ್ಲುಕಂಬ, ದನದ ಕೊಟ್ಟಿಗೆಯ ನೆಲಹಾಸು ಮುಂತಾದವುಗಳಿಗೆ ಚಪ್ಪಟೆಯಾದ ಕಲ್ಲು ಸುಲಭವಾಗಿ ದೊರೆತದ್ದು ಬಂಡೆಯ ಈ ಪದರ ಬಿಡುವ ಸ್ವಭಾವದಿಂದ.

ಬಿಸಿಲು ಮತ್ತು ತಂಪು

ಹಗಲಿನ ಬಿಸಿಲಿಗೆ ಕಾದು ರಾತ್ರಿ ತಣ್ಣಗಾಗುವುದರಿಂದಲೇ ಬಂಡೆ ಒಡೆಯುತ್ತದೆ ಎಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ಗ್ರಾನೈಟ್‌ನಲ್ಲಿರುವ ಬೆಣಚುಕಲ್ಲು ಹಾಗೂ ಫೆಲ್ಡ್‌ಸ್ಪಾರ್‌ಗಳು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಹರಳುಗಳ ನಡುವೆ ಬಿಗಿತ ಉಂಟಾಗುವುದು ನಿಜ. ಆದರೆ ಅಮೆರಿಕದ ಡೇವಿಡ್ ಗ್ರಿಗ್ಸ್ 1936ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿವರಣೆಯನ್ನು ಪ್ರಶ್ನಿಸಿತು. ಅವರು ನಯಗೊಳಿಸಿದ ಗ್ರಾನೈಟ್ ತುಂಡನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್ ಅಂತರದಲ್ಲಿ 89,400 ಸಲ ಕಾಯಿಸಿ ತಣಿಸಿದರು. ದಿನಕ್ಕೊಂದು ಆವರ್ತನೆಯಂತೆ ಲೆಕ್ಕ ಹಾಕಿದರೆ ಇದು ಸುಮಾರು 244 ವರ್ಷಗಳಿಗೆ ಸಮ. ಒಣಗಾಳಿಯಲ್ಲಿ ತಣಿಸಿದಾಗ ಕಲ್ಲಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ನೀರು ಸಿಂಪಡಿಸಿ ತಣಿಸಿದಾಗ ಮಾತ್ರ ಸ್ವಲ್ಪ ಕಾಲದಲ್ಲೇ ಹೊಳಪು ಹೋಗಿ ಬಿರುಕುಗಳು ಕಾಣಿಸಿಕೊಂಡವು. ಬಿಸಿಲೊಂದೇ ಮಾಡಲಾಗದ ಕೆಲಸವನ್ನು ನೀರಿನ ನೆರವಿನಿಂದ ಮಾಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಪ್ರಯೋಗದ ಕಲ್ಲು ಚಿಕ್ಕದು ಹಾಗೂ ಅವಧಿ ಸೀಮಿತವಾದದ್ದು. ಆದ್ದರಿಂದ ಲಕ್ಷಾಂತರ ವರ್ಷಗಳ ಬಿಸಿಲಿನ ಪರಿಣಾಮವನ್ನು ಅದು ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲ.

ರಾಸಾಯನಿಕ ಶಿಥಿಲೀಕರಣ

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗುತ್ತದೆ. ಬೇರುಗಳ ಉಸಿರಾಟ ಮತ್ತು ಎಲೆಗೊಬ್ಬರದ ಕೊಳೆಯುವಿಕೆಯಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲವು ಹೊರಗಿನ ಗಾಳಿಗಿಂತ ಬಹಳ ಹೆಚ್ಚಾಗಿರುತ್ತದೆ. ಹಾಗಾಗಿ ಬೋಳು ಬಂಡೆಯ ಮೇಲೆ ಹರಿದುಹೋಗುವ ನೀರಿಗಿಂತ, ಮಣ್ಣಿನಡಿಯಲ್ಲಿ ಬಂಡೆಯನ್ನು ಮುಟ್ಟಿಕೊಂಡು ನಿಲ್ಲುವ ನೀರೇ ಹೆಚ್ಚು ಪರಿಣಾಮಕಾರಿ.

ಗ್ರಾನೈಟ್ ಮತ್ತು ನೈಸ್‌ಗಳ ಮುಖ್ಯ ಖನಿಜಗಳು ಈ ನೀರಿಗೆ ಒಂದೇ ರೀತಿಯಾಗಿ ಪ್ರತಿಕ್ರಿಯಿಸುವುದಿಲ್ಲ.

ಫೆಲ್ಡ್‌ಸ್ಪಾರ್: ಬಿಳಿ ಅಥವಾ ನಸುಗೆಂಪು ಬಣ್ಣದ ಈ ಖನಿಜವು ಗ್ರಾನೈಟ್‌ನ ಅರ್ಧಕ್ಕಿಂತ ಹೆಚ್ಚು ಭಾಗವಾಗಿರುತ್ತದೆ. ಆಮ್ಲಯುಕ್ತ ನೀರಿನ ಸಂಪರ್ಕದಲ್ಲಿ ಇದರ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳು ಬಿಡುಗಡೆಯಾಗುತ್ತವೆ. ಒಂದಷ್ಟು ಸಿಲಿಕಾ ನೀರಿನಲ್ಲಿ ಕರಗಿ ಹೋಗುತ್ತದೆ. ಉಳಿಯುವುದು ನುಣುಪಾದ ಜೇಡಿಮಣ್ಣು. ಈ ಕ್ರಿಯೆಗೆ ಜಲವಿಶ್ಲೇಷಣೆ ಎಂದು ಹೆಸರು.

ಅಭ್ರಕ: ಕಾಗೆಬಂಗಾರವೆಂದು ಜನಬಳಕೆಯಲ್ಲಿರುವ ಅಭ್ರಕದ ಕಪ್ಪು ಬಗೆ ಬಯೋಟೈಟ್. ನೀರನ್ನು ಹೀರಿ ಮಾರ್ಪಡುವಾಗ ಇದು ಉಬ್ಬುತ್ತದೆ. ಉಬ್ಬಿದ ಹಾಳೆಗಳು ಪಕ್ಕದ ಹರಳುಗಳನ್ನು ತಳ್ಳುವುದರಿಂದ ಬಂಡೆ ಒಳಗಿನಿಂದಲೇ ಸಡಿಲವಾಗಿ, ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಗರಸು ಉಂಟಾಗುತ್ತದೆ.

ಕಬ್ಬಿಣಯುಕ್ತ ಖನಿಜಗಳು: ಬಯೋಟೈಟ್ ಮತ್ತು ಹಾರ್ನ್‌ಬ್ಲೆಂಡ್‌ಗಳಲ್ಲಿರುವ ಕಬ್ಬಿಣವು ಆಮ್ಲಜನಕದೊಡನೆ ಸೇರಿ ತುಕ್ಕಿನಂತಹ ಆಕ್ಸೈಡುಗಳಾಗುತ್ತದೆ. ಇದು ಉತ್ಕರ್ಷಣ. ಕೆಮ್ಮಣ್ಣಿನ ಬಣ್ಣಕ್ಕೆ ಕಾರಣ ಈ ತೆಳುವಾದ ಲೇಪ.

ಬೆಣಚುಕಲ್ಲು: ಇದು ರಾಸಾಯನಿಕವಾಗಿ ಹೆಚ್ಚುಕಡಿಮೆ ಅಚಲ. ಸುತ್ತಲಿನ ಖನಿಜಗಳು ಮಣ್ಣಾದ ಮೇಲೂ ಇದರ ಕಣಗಳು ಮರಳಾಗಿ ಉಳಿಯುತ್ತವೆ. ಹಳ್ಳ ಮತ್ತು ನದಿಗಳ ಮರಳಿನಲ್ಲಿ ಬೆಣಚುಕಲ್ಲಿನ ಅಂಶವೇ ಹೆಚ್ಚಾಗಿರುವುದಕ್ಕೆ ಇದು ಕಾರಣ.

ಶಿಲಾಪಾಕವು ತಣಿಯುವಾಗ ಮೊದಲು, ಅತ್ಯಧಿಕ ಶಾಖದಲ್ಲಿ, ಹರಳುಗಟ್ಟಿದ ಖನಿಜಗಳು ಮೇಲ್ಮೈಯಲ್ಲಿ ಬೇಗ ಶಿಥಿಲವಾಗುತ್ತವೆ. ಕೊನೆಯಲ್ಲಿ ಹರಳುಗಟ್ಟಿದವು ಹೆಚ್ಚು ಬಾಳುತ್ತವೆ. ಈ ಅನುಕ್ರಮವನ್ನು ಎಸ್. ಎಸ್. ಗೋಲ್ಡಿಚ್ 1938ರಲ್ಲಿ ನಿರೂಪಿಸಿದರು. ಕಟ್ಟಡಕ್ಕೆ ಬಹಳ ಗಟ್ಟಿಯೆನಿಸಿದ ಕರಿಕಲ್ಲು ನೆಲದೊಳಗೆ ಗ್ರಾನೈಟ್‌ಗಿಂತ ಬೇಗ ಮಣ್ಣಾಗುವುದನ್ನು ಈ ನಿಯಮವು ವಿವರಿಸುತ್ತದೆ. ಅದರಲ್ಲಿ ಬೆಣಚುಕಲ್ಲು ಅತ್ಯಲ್ಪ. ಬೇಗ ಮಾರ್ಪಡುವ ಕಬ್ಬಿಣ, ಮೆಗ್ನೀಸಿಯಂ ಖನಿಜಗಳೇ ಅಧಿಕ. ಶಿಥಿಲವಾದ ಕರಿಕಲ್ಲಿನ ಒಡ್ಡಿನಲ್ಲಿ ಒಂದರೊಳಗೊಂದು ಚಿಪ್ಪುಗಳಿರುವ ಉಂಡೆಗಳೂ ಅವುಗಳ ನಡುವೆ ಕಂದು ಮಣ್ಣೂ ಕಾಣಸಿಗುತ್ತವೆ.

ಮಳೆ ಹೆಚ್ಚಾದಷ್ಟೂ ಈ ಕ್ರಿಯೆ ಆಳಕ್ಕೆ ಇಳಿಯುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರು, ಕಾಸರಗೋಡುಗಳ ಕರಾವಳಿಯಲ್ಲಿ ಸಿಲಿಕಾ ಕೂಡ ಬಹುಮಟ್ಟಿಗೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಮುರಕಲ್ಲು ಉಂಟಾಗಿದೆ. ಮಳೆ ಕಡಿಮೆಯಿರುವ ತುಮಕೂರಿನ ಬಯಲಿನಲ್ಲಿ ಶಿಥಿಲೀಕರಣವು ಸಾಮಾನ್ಯವಾಗಿ ಅಷ್ಟು ದೂರ ಸಾಗುವುದಿಲ್ಲ. ಇಲ್ಲಿನ ಕೆಂಪು ಮಣ್ಣಿನಲ್ಲಿ ಮರಳು, ಜೇಡಿ ಹಾಗೂ ಪೂರ್ತಿ ಮಾರ್ಪಡದ ಫೆಲ್ಡ್‌ಸ್ಪಾರ್ ಚೂರುಗಳು ಬೆರೆತಿರುತ್ತವೆ.

ಜೈವಿಕ ಶಿಥಿಲೀಕರಣ

ಬೋಳು ಬಂಡೆಯ ಮೇಲೆ ಮೊದಲು ನೆಲೆಸುವುದು ಕಲ್ಲುಹೂವು. ಶಿಲೀಂಧ್ರ ಮತ್ತು ಪಾಚಿಗಳು ಕೂಡಿ ಬಾಳುವ ಈ ಜೀವಿಯು ಸ್ರವಿಸುವ ಆಮ್ಲಗಳು ಶಿಲೆಯ ಮೇಲ್ಪದರವನ್ನು ಸಡಿಲಗೊಳಿಸುತ್ತವೆ. ಅದರ ಹಿಂದೆಯೇ ಪಾಚಿ, ಹುಲ್ಲು, ಪೊದೆಗಳು ಬರುತ್ತವೆ. ಆಲ, ಅರಳಿ, ಬಸರಿ, ಗೋಣಿ ಮುಂತಾದ ಮರಗಳ ಬೀಜಗಳು ಹಕ್ಕಿಗಳ ಮೂಲಕ ಬಂಡೆಯ ಸಂದುಗಳಿಗೂ ಕೋಟೆಗೋಡೆಗಳಿಗೂ ತಲಪಿ ಮೊಳೆಯುತ್ತವೆ. ಅವುಗಳ ಬೇರುಗಳು ದಪ್ಪಗಾದಂತೆ ಕಲ್ಲುಗಳು ಪಕ್ಕಕ್ಕೆ ಸರಿಯುತ್ತವೆ. ಗೆದ್ದಲು, ಎರೆಹುಳು, ಹೆಗ್ಗಣಗಳು ಆಳದ ಮಣ್ಣನ್ನು ಮೇಲಕ್ಕೆ ತಂದು ಗಾಳಿ ಮತ್ತು ನೀರಿನ ಸಂಚಾರಕ್ಕೆ ದಾರಿ ಮಾಡಿಕೊಡುತ್ತವೆ. ಹೊಲದ ಬದುವಿನ ಹುತ್ತದ ಮಣ್ಣು ಅಷ್ಟು ನುಣುಪಾಗಿರುವುದು ಗೆದ್ದಲುಗಳು ನೆಲದಡಿಯಿಂದ ನಯವಾದ ಕಣಗಳನ್ನು ಹೊತ್ತು ತರುವುದರಿಂದ.

ಬಾವಿಯ ಗೋಡೆಯಲ್ಲಿ ಕಾಣುವ ಪದರಗಳು

ಶಿಥಿಲೀಕರಣದ ಹಂತಗಳು ಮೇಲಿನಿಂದ ಕೆಳಕ್ಕೆ ಒಂದೇ ನೋಟಕ್ಕೆ ಸಿಗುವುದು ತೆರೆದ ಬಾವಿಯ ಕಟ್ಟದ ಗೋಡೆಯಲ್ಲಿ ಅಥವಾ ಹೆದ್ದಾರಿಗಾಗಿ ಕಡಿದ ದಿಣ್ಣೆಯ ಪಾರ್ಶ್ವದಲ್ಲಿ. ನೈಸ್ ಬಂಡೆಯ ಮೇಲಿನ ನೆಲದಲ್ಲಿ ಸಾಮಾನ್ಯವಾಗಿ ಕಂಡುಬರುವ ಅನುಕ್ರಮ ಹೀಗಿದೆ:

1. ಮೇಲ್ಮಣ್ಣು: ಬೇರು ಮತ್ತು ಜೈವಿಕ ಅಂಶಗಳಿರುವ ಕೆಂಪು ಅಥವಾ ಕಂದು ಮಣ್ಣು. ಬೆಳೆಯ ಆಹಾರದ ಬಹುಭಾಗ ಇರುವುದು ಇಲ್ಲಿಯೇ.
2. ಜೇಡಿ ಬೆರೆತ ಕೆಮ್ಮಣ್ಣು: ಮೇಲಿನಿಂದ ಇಳಿದ ನುಣುಪಾದ ಕಣಗಳು ಕೂಡಿದ, ಒದ್ದೆಯಾದಾಗ ಅಂಟುವ ಪದರ.
3. ಗರಸು: ಮೂಲ ಶಿಲೆಯ ಪಟ್ಟೆಗಳು ಹಾಗೆಯೇ ಕಾಣುತ್ತಿದ್ದರೂ ಗುದ್ದಲಿಗೆ ಸುಲಭವಾಗಿ ಒಡೆಯುವ ಪದರ. ಕಣಗಳ ನಡುವಿನ ತೆರಪುಗಳಲ್ಲಿ ನೀರು ನಿಲ್ಲುತ್ತದೆ.
4. ಉಳಿದ ಗುಂಡುಗಳು: ಗರಸಿನ ನಡುವೆ ಇನ್ನೂ ಶಿಥಿಲವಾಗದ ದುಂಡನೆಯ ಗಟ್ಟಿ ಕಲ್ಲುಗಳು.
5. ಬಿರುಕುಬಿಟ್ಟ ಬಂಡೆ: ಸೀಳುಗಳ ಅಂಚಿನಲ್ಲಿ ಮಾತ್ರ ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಶಿಲೆ.
6. ಹಸಿ ಬಂಡೆ: ಶಿಥಿಲೀಕರಣ ತಟ್ಟದ ಮೂಲ ಶಿಲೆ.

ಪದರಗಳ ದಪ್ಪ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಒಂದು ಹೊಲದಲ್ಲಿ ಬಂಡೆ ನೆಲದಿಂದಲೇ ತಲೆಯೆತ್ತಿದ್ದರೆ, ಸ್ವಲ್ಪ ದೂರದ ತಗ್ಗಿನಲ್ಲಿ ಹತ್ತು ಮೀಟರಿಗೂ ಹೆಚ್ಚು ಆಳದವರೆಗೆ ಗರಸು ಇರಬಹುದು. ಬಂಡೆಯಲ್ಲಿ ಮೊದಲೇ ಇದ್ದ ಸೀಳುಗಳು ಎಲ್ಲಿ ಹೆಚ್ಚೋ ಅಲ್ಲಿ ನೀರು ಆಳಕ್ಕೆ ಇಳಿದು ಶಿಥಿಲೀಕರಣವೂ ಆಳವಾಗುತ್ತದೆ.

ಭೂರೂಪಗಳು

ಗುಂಡುಬಂಡೆಗಳು: ಬೆಟ್ಟದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ಯಾವ ಶಕ್ತಿಯೂ ಎತ್ತಿ ಇಟ್ಟದ್ದಲ್ಲ. ಗ್ರಾನೈಟ್‌ನಲ್ಲಿ ಅಡ್ಡ ಹಾಗೂ ಉದ್ದ ಸೀಳುಗಳಿದ್ದು, ಅವು ಬಂಡೆಯನ್ನು ಚೌಕಾಕಾರದ ಗಟ್ಟಿಗಳನ್ನಾಗಿ ವಿಭಜಿಸುತ್ತವೆ. ನೆಲದಡಿಯಲ್ಲಿ ಸೀಳುಗಳ ಮೂಲಕ ಇಳಿದ ನೀರು ಗಟ್ಟಿಗಳ ಮೂಲೆಗಳನ್ನು ಹಲವು ಪಾರ್ಶ್ವಗಳಿಂದ ಒಮ್ಮೆಗೇ ಕೊರೆಯುವುದರಿಂದ ಅವು ದುಂಡಗಾಗುತ್ತವೆ. ಮುಂದೆ ಸುತ್ತಲಿನ ಗರಸನ್ನು ಮಳೆ ತೊಳೆದುಹಾಕಿದಾಗ ಗುಂಡುಗಳು ತಾವಿದ್ದಲ್ಲೇ ಒಂದರ ಮೇಲೊಂದು ನಿಲ್ಲುತ್ತವೆ. ಬಾವಿಯ ಗೋಡೆಯ ನಾಲ್ಕನೆಯ ಪದರದಲ್ಲಿ ಕಾಣುವ ಗುಂಡುಗಳು ಇದೇ ಕ್ರಿಯೆಯ ಹಿಂದಿನ ಹಂತ.

ದೊಣೆಗಳು: ಬಂಡೆಯ ನೆತ್ತಿಯ ಸಣ್ಣ ತಗ್ಗಿನಲ್ಲಿ ಮಳೆನೀರು ನಿಂತಾಗ ಅಲ್ಲಿನ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಶಿಥಿಲವಾಗುತ್ತವೆ. ಸಡಿಲವಾದ ಕಣಗಳು ಗಾಳಿಯಿಂದಲೂ ತುಂಬಿ ಹರಿಯುವ ನೀರಿನಿಂದಲೂ ಹೊರಹೋಗಿ ತಗ್ಗು ಮತ್ತಷ್ಟು ಆಳವಾಗುತ್ತದೆ. ಆಳವಾದಂತೆ ಹೆಚ್ಚು ನೀರು ಹೆಚ್ಚು ಕಾಲ ನಿಲ್ಲುತ್ತದೆ. ಗಿರಿದುರ್ಗಗಳಲ್ಲಿದ್ದ ಸೈನ್ಯಕ್ಕೆ ಇಂತಹ ದೊಣೆಗಳು ಮತ್ತು ಅವನ್ನು ಕಡಿದು ಹಿಗ್ಗಿಸಿದ ಕೊಳಗಳು ನೀರಿನ ಆಸರೆಯಾಗಿದ್ದವು.

ಚಿಲುಮೆಗಳು: ಬೆಟ್ಟದ ಮೇಲೆ ಇಂಗಿದ ನೀರು ಬಂಡೆಯ ಸೀಳುಗಳಲ್ಲಿ ಸಾಗಿ ಬುಡದಲ್ಲಿ ಹೊರಹೊಮ್ಮುವುದುಂಟು. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆ ಇದಕ್ಕೆ ಪ್ರಸಿದ್ಧ ನಿದರ್ಶನ. ಹಣೆಗೆ ನಾಮವಿಡಲು ನೀರು ದೊರೆಯದಾಗ ಶ್ರೀರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯ ಬೆಟ್ಟದ ನೀರಿನ ಸೆಲೆಗೂ ಗೋಸಲ ಸಿದ್ಧೇಶ್ವರರ ಹೆಸರಿನೊಡನೆ ಐತಿಹ್ಯವಿದೆ. ಒಣಭೂಮಿಯ ನಡುವೆ ಬಂಡೆಯಿಂದ ನೀರು ಬರುವುದು ಜನರಿಗೆ ಎಷ್ಟು ಅಮೂಲ್ಯವಾಗಿತ್ತೆಂಬುದನ್ನು ಈ ಕಥೆಗಳು ಸೂಚಿಸುತ್ತವೆ.

ಮಣ್ಣು, ಕೆರೆ ಮತ್ತು ಕೃಷಿ

ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ ಮತ್ತು ಜಯಮಂಗಲಿ ನದಿಗಳು ಹುಟ್ಟುತ್ತವೆ. ಶಿಂಷೆಯು ಗುಬ್ಬಿ, ಕುಣಿಗಲ್‌ಗಳ ಕಡೆ ಹರಿದು ಕೊನೆಗೆ ಕಾವೇರಿಯನ್ನು ಸೇರಿದರೆ, ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟಸಾಲಿನ ಬಂಡೆಗಳಿಂದ ಉದುರಿದ ಕಣಗಳು ಹೀಗೆ ಎರಡು ನದೀ ವ್ಯವಸ್ಥೆಗಳಿಗೆ ಹಂಚಿಹೋಗುತ್ತವೆ.

ನೀರು ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ನೊರಜುಗಲ್ಲು ಮತ್ತು ದಪ್ಪ ಮರಳು ಬೆಟ್ಟದ ಬುಡದಲ್ಲೂ ಹಳ್ಳದಲ್ಲೂ ಉಳಿಯುತ್ತವೆ. ಹಗುರವಾದ ಜೇಡಿ ಮಾತ್ರ ಕೆರೆಯವರೆಗೆ ಸಾಗಿ, ನೀರು ನಿಂತಾಗ ತಳಕ್ಕೆ ಇಳಿದು ಗೋಡಾಗುತ್ತದೆ. ಆದುದರಿಂದ ದಿಣ್ಣೆಯ ಮೇಲಿನ ಹೊಲ ಗರಸಿನಿಂದ ಕೂಡಿದ್ದು ರಾಗಿ, ಹುರುಳಿ, ನೆಲಗಡಲೆಗೆ ಒಗ್ಗಿದರೆ, ಕೆರೆಯ ಹಿಂದಿನ ತಗ್ಗಿನ ಗದ್ದೆ ನೀರು ಹಿಡಿದಿಡುವ ಮಣ್ಣಿನಿಂದ ಭತ್ತಕ್ಕೆ, ತೆಂಗು ಮತ್ತು ಅಡಿಕೆಗೆ ತಕ್ಕುದಾಗಿದೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್‌ನ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯಗಳ ಸುತ್ತಲಿನ ತೋಟ ಮತ್ತು ಗದ್ದೆಗಳಲ್ಲಿ ಈ ಭೇದವನ್ನು ಗುರುತಿಸಬಹುದು.

ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಗೋಡನ್ನು ಗಾಡಿಗಳಲ್ಲಿ ತಂದು ಹೊಲಕ್ಕೆ ಹರಡುವುದು ಹಳೆಯ ಪದ್ಧತಿ. ಮೇಲಿನ ಹೊಲಗಳಿಂದ ಮಳೆ ಕೊಚ್ಚಿ ತಂದ ನುಣುಪು ಮಣ್ಣನ್ನೇ ರೈತರು ಮರಳಿ ಹೊಲಕ್ಕೆ ಒಯ್ಯುತ್ತಿದ್ದರು. ಇದರಿಂದ ಹೊಲಕ್ಕೆ ಸಾರವೂ ಕೆರೆಗೆ ಆಳವೂ ಒಟ್ಟಿಗೆ ದೊರೆಯುತ್ತಿದ್ದವು. ಈ ಪದ್ಧತಿ ಹಿಂದೆ ಸರಿದಂತೆ ಕೆರೆಗಳಲ್ಲಿ ಹೂಳು ಹೆಚ್ಚುವುದು ಸಹಜ.

ಅಂತರ್ಜಲದೊಡನೆ ಸಂಬಂಧ

ಹಸಿ ಗ್ರಾನೈಟ್ ಮತ್ತು ನೈಸ್‌ಗಳಲ್ಲಿ ನೀರು ನಿಲ್ಲಲು ತೆರಪಿಲ್ಲ. ಈ ಪ್ರದೇಶದಲ್ಲಿ ನೆಲದೊಳಗೆ ನೀರಿರುವುದು ಎರಡೇ ಕಡೆ: ಶಿಥಿಲಗೊಂಡ ಗರಸಿನ ಪದರದಲ್ಲಿ ಹಾಗೂ ಅದರ ಕೆಳಗಿನ ಬಂಡೆಯ ಸೀಳುಗಳಲ್ಲಿ. ತೆರೆದ ಬಾವಿಗಳು ಗರಸಿನ ನೀರನ್ನು ಅವಲಂಬಿಸಿದ್ದವು. ಈ ಪದರ ಸ್ಪಂಜಿನಂತೆ ಮಳೆನೀರನ್ನು ಹೀರಿ ಬೇಸಿಗೆಗೆ ಉಳಿಸಿಕೊಡುತ್ತಿತ್ತು. ಕೊಳವೆಬಾವಿಗಳು ಹೆಚ್ಚಿದ ಮೇಲೆ ಆಳದ ಸೀಳುಗಳ ನೀರನ್ನು ಎತ್ತಲಾಗುತ್ತಿದೆ. ಸೀಳುಗಳಿಗೆ ನೀರು ಇಳಿಯುವುದು ಮೇಲಿನ ಗರಸಿನಿಂದಲೇ ಆದ್ದರಿಂದ, ಆಳದ ನೀರನ್ನು ಮಿತಿಮೀರಿ ಎತ್ತಿದಲ್ಲಿ ಗರಸು ಬರಿದಾಗಿ ತೆರೆದ ಬಾವಿಗಳು ಬತ್ತುತ್ತವೆ. ಬಂಡೆಯ ಸೀಳು ಸಿಕ್ಕರೆ ನೀರು, ಸಿಗದಿದ್ದರೆ ಧೂಳು ಎಂಬ ಅನಿಶ್ಚಿತತೆಗೂ ಇಲ್ಲಿನ ಶಿಲಾರಚನೆಯೇ ಕಾರಣ.

ಜಿಲ್ಲೆಯ ಉತ್ತರದ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳಲ್ಲಿ ತಲಪರಿಗೆ ಎಂಬ ಸಾಂಪ್ರದಾಯಿಕ ನೀರಿನ ವ್ಯವಸ್ಥೆಯಿದೆ. ಮರಳು ಮತ್ತು ಗರಸು ಕೂಡಿರುವ ತಗ್ಗುಗಳಲ್ಲಿ ಜಿನುಗುವ ಸೆಲೆಯನ್ನು ಅಗೆದು, ಕಾಲುವೆಯ ಮೂಲಕ ಹೊಲಗಳಿಗೆ ಹರಿಸಲಾಗುತ್ತಿತ್ತು. ಶಿಥಿಲ ಪದರದಲ್ಲಿ ತಾನಾಗಿ ಹರಿದುಬರುವಷ್ಟು ನೀರನ್ನು ಮಾತ್ರ ಬಳಸುವುದು ಇದರ ವೈಶಿಷ್ಟ್ಯ.

ಫ್ಲೋರೈಡ್

ಶಿಥಿಲೀಕರಣವು ನೀರಿಗೆ ಬಿಡುಗಡೆ ಮಾಡುವ ಎಲ್ಲ ಲವಣಗಳೂ ಹಿತಕರವಲ್ಲ. ಗ್ರಾನೈಟ್ ಮತ್ತು ನೈಸ್‌ಗಳಲ್ಲಿರುವ ಅಪಟೈಟ್, ಬಯೋಟೈಟ್, ಹಾರ್ನ್‌ಬ್ಲೆಂಡ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಸೇರುತ್ತದೆ. ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಕ್ಷಾರತೆ ಹೆಚ್ಚಿದಷ್ಟೂ ಫ್ಲೋರೈಡ್ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಮ್‌ವರೆಗೆ ಅನುಮತಿಯಿದೆ. ಪಾವಗಡ, ಮಧುಗಿರಿ, ಶಿರಾ ಭಾಗದ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದೆ. ಇಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಹಲ್ಲಿನ ಮೇಲೆ ಕಂದು ಕಲೆ, ಕೀಲುಗಳ ಬಿಗಿತ, ಮೂಳೆಗಳ ವಿಕಾರ ಕಾಣಿಸಿಕೊಳ್ಳುತ್ತವೆ. ಮೂಳೆಗೆ ತಗಲಿದ ಫ್ಲೋರೋಸಿಸ್ ಗುಣವಾಗುವಂಥದಲ್ಲ, ತಡೆಗಟ್ಟುವುದೊಂದೇ ಮಾರ್ಗ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರು, ಬೇರೆಡೆಯಿಂದ ತಂದ ನದಿ ನೀರು ಅಥವಾ ಸಂಗ್ರಹಿಸಿದ ಮಳೆನೀರು ಪರಿಹಾರಗಳಾಗಿವೆ.

ಅದಿರುಗಳು

ಚಿಕ್ಕನಾಯಕನಹಳ್ಳಿಯ ಕಡೆಯ ಪದರು ಶಿಲೆಗಳಲ್ಲಿ ಮೂಲತಃ ಇದ್ದ ಕಬ್ಬಿಣ ಮತ್ತು ಮ್ಯಾಂಗನೀಸ್ ಅಂಶಗಳು ಶಿಥಿಲೀಕರಣದಿಂದ ಮತ್ತಷ್ಟು ಸಾಂದ್ರವಾಗಿವೆ. ದೀರ್ಘಕಾಲ ಇಳಿದ ನೀರು ಸಿಲಿಕಾ ಮತ್ತು ಇತರ ಲವಣಗಳನ್ನು ಕರಗಿಸಿ ಒಯ್ದಾಗ, ಕರಗದ ಲೋಹದ ಆಕ್ಸೈಡುಗಳು ಉಳಿದುಕೊಂಡವು. ಈ ಭಾಗದ ಗಣಿಗಾರಿಕೆಯು ಅಕ್ರಮದ ಆರೋಪಗಳಿಂದಾಗಿ ವಿವಾದಕ್ಕೊಳಗಾಗಿ, 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ 2013ರಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಅನುಮತಿ ನೀಡಿತು.

ಶಾಸನಗಳು ಮತ್ತು ಸ್ಮಾರಕಗಳು

ಕಾಲ ತಿಳಿದಿರುವ ಶಾಸನಗಳು ಶಿಥಿಲೀಕರಣದ ವೇಗವನ್ನು ಅಂದಾಜು ಮಾಡಲು ನೆರವಾಗುತ್ತವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಬಯಲಿನಲ್ಲಿ ನಿಂತ ಗ್ರಾನೈಟ್ ಶಾಸನವೊಂದರ ಅಕ್ಷರಗಳು ನೂರಾರು ವರ್ಷಗಳ ಬಳಿಕವೂ ಓದಲು ಬರುತ್ತವೆಂದರೆ, ಅಷ್ಟು ಕಾಲದಲ್ಲಿ ಕಲ್ಲು ಕಳೆದುಕೊಂಡದ್ದು ಉಳಿಯ ಕೆತ್ತನೆಯ ಆಳಕ್ಕಿಂತಲೂ ಕಡಿಮೆ ಎಂದಾಯಿತು. ಅದೇ ಕಲ್ಲಿನ ಮಣ್ಣಿನಲ್ಲಿ ಹೂತ ಭಾಗ, ತೇವದ ಕಾರಣದಿಂದ, ಬೇಗ ಒರಟಾಗಬಹುದು.

ಹೊಯ್ಸಳರ ಕಾಲದ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲಿನ ಸ್ವಭಾವ ಬೇರೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ 13ನೆಯ ಶತಮಾನದ ಚೆನ್ನಕೇಶವ ದೇವಾಲಯ ಇದರಿಂದ ನಿರ್ಮಿತವಾಗಿದೆ. ಈ ಕಲ್ಲಿನ ಖನಿಜಗಳು ನೀರಿಗೆ ಸುಲಭವಾಗಿ ಮಾರ್ಪಡುವುದಿಲ್ಲವಾದರೂ ಮೃದುವಾಗಿರುವುದರಿಂದ ಉಜ್ಜುವಿಕೆಗೆ ಬೇಗ ಸವೆಯುತ್ತವೆ. ಹಳೆಯ ಕಲ್ಲುಗಳಿಗೆ ಹಾನಿ ಮಾಡುವ ಮಾನವ ಕಾರಣಗಳಲ್ಲಿ ಬಣ್ಣ ಬಳಿಯುವುದು, ಸಿಮೆಂಟಿನಿಂದ ಸಂದು ಮುಚ್ಚಿ ತೇವವನ್ನು ಒಳಗೇ ಸೆರೆಹಿಡಿಯುವುದು, ಕಬ್ಬಿಣದ ಪಟ್ಟಿಗಳನ್ನು ಬಿಗಿಯುವುದು ಸೇರಿವೆ. ಕಬ್ಬಿಣವು ತುಕ್ಕು ಹಿಡಿದು ಉಬ್ಬಿದಾಗ ಕಲ್ಲು ಸೀಳುತ್ತದೆ.

ವೇಗ ಮತ್ತು ಮಾನವ ಹಸ್ತಕ್ಷೇಪ

ಶಿಲೆಯಿಂದ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ರೂಪುಗೊಳ್ಳಲು ಸನ್ನಿವೇಶಕ್ಕೆ ತಕ್ಕಂತೆ ನೂರಾರು ವರ್ಷಗಳಿಂದ ಸಾವಿರಾರು ವರ್ಷಗಳು ಬೇಕು. ಗಿಡಗಂಟಿಯಿಲ್ಲದ ಇಳಿಜಾರಿನಲ್ಲಿ ಅಷ್ಟೇ ಮಣ್ಣು ಕೆಲವೇ ಬಿರುಮಳೆಗಳಿಗೆ ಕೊಚ್ಚಿಹೋಗಬಲ್ಲದು. ಬದು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬೆಟ್ಟದ ಕಾಡನ್ನು ಉಳಿಸುವುದು ಇವುಗಳ ಉದ್ದೇಶ ಈ ಅಂತರವನ್ನು ತಗ್ಗಿಸುವುದೇ ಆಗಿದೆ.

ನದಿ ಮರಳಿನ ಕೊರತೆಯಿಂದಾಗಿ ಬಂಡೆಯನ್ನು ಯಂತ್ರದಲ್ಲಿ ಪುಡಿಮಾಡಿದ ಎಂ-ಸ್ಯಾಂಡ್ ಬಳಕೆಗೆ ಬಂದಿದೆ. ಮರಳು ಬೆರೆತ ಮಣ್ಣನ್ನು ನೀರಿನಿಂದ ತೊಳೆದು, ಜೇಡಿಯನ್ನು ಹರಿಯಬಿಟ್ಟು, ಉಳಿದದ್ದನ್ನು ಮಾರುವ ಫಿಲ್ಟರ್ ಮರಳು ದಂಧೆಯು ರಾಜ್ಯದ ದಕ್ಷಿಣದ ಒಣ ಜಿಲ್ಲೆಗಳಲ್ಲಿ ವರದಿಯಾಗಿದೆ. ಹೊಲದ ಮಣ್ಣು, ಕೆರೆಯಂಗಳದ ಗೋಡು, ನೀರು ಹಿಡಿಯುವ ಗರಸು ಮೂರನ್ನೂ ಇದು ಒಮ್ಮೆಗೇ ನಾಶಮಾಡುತ್ತದೆ. ತೊಳೆದುಹೋದ ಜೇಡಿಯು ಫೆಲ್ಡ್‌ಸ್ಪಾರ್‌ನಿಂದ ಮತ್ತೆ ಉಂಟಾಗಬೇಕಾದರೆ ಮಳೆನೀರು ಬಂಡೆಯ ಮೇಲೆ ಮೊದಲಿನಿಂದ ಕೆಲಸ ಆರಂಭಿಸಬೇಕು.

ಇವನ್ನೂ ನೋಡಿ

ದೇವರಾಯನದುರ್ಗ
ನಾಮದ ಚಿಲುಮೆ
ಶಿಂಷಾ ನದಿ
ಹುತ್ರಿದುರ್ಗ
ಮಧುಗಿರಿ ಬೆಟ್ಟ
ತಲಪರಿಗೆ
ಫ್ಲೋರೋಸಿಸ್
ಮಣ್ಣಿನ ಸವೆತ